ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವುದು: ಕೇಬಲ್ ಆಯ್ಕೆಯಿಂದ ಟಿವಿಯ ಮೆನುವಿನವರೆಗೆ

ಲ್ಯಾಪ್‌ಟಾಪಿನ ಪರದೆ 14 ಇಲ್ಲವೇ 15 ಇಂಚಿನದು, ಗೋಡೆಯ ಮೇಲಿನ ಟಿವಿ ಅದರ ಮೂರ್ನಾಲ್ಕು ಪಟ್ಟು ದೊಡ್ಡದು. ನಡುವೆ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಒಯ್ಯುವ ಒಂದು ಎಚ್‌ಡಿಎಂಐ ಕೇಬಲ್ ಹಾಕಲು ಒಂದು ನಿಮಿಷವೂ ಬೇಡ. ಜನ ಪರದಾಡುವುದು ಅದರ ಮುಂದಿನ ಹಂತದಲ್ಲಿ. ಟಿವಿಯಲ್ಲಿ ‘ನೋ ಸಿಗ್ನಲ್’ ಎಂದು ಬರುತ್ತದೆ. ಚಿತ್ರ ಬಂದರೂ ಧ್ವನಿ ಲ್ಯಾಪ್‌ಟಾಪಿನಿಂದಲೇ ಹೊರಡುತ್ತದೆ. ಟಾಸ್ಕ್‌ಬಾರ್ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ, ಇಲ್ಲವೇ ಅಕ್ಷರಗಳ ಅಂಚಿನಲ್ಲಿ ಬಿಳಿ ನೆರಳು ಕಾಣುತ್ತದೆ. ಇವುಗಳಲ್ಲಿ ಬಹುಪಾಲು ತೊಂದರೆಗೆ ಪರಿಹಾರ ಇರುವುದು ಟಿವಿಯ ಮೆನುವಿನಲ್ಲಿ. ಅಲ್ಲಿಗೆ ಹೋಗದೆ ಹೊಸ ಕೇಬಲ್, ಹೊಸ ಅಡಾಪ್ಟರ್ ಎಂದು ಕೊಳ್ಳುತ್ತಾ ಹೋಗುವವರು ಬಹಳ ಮಂದಿ. ಹಾಗಾಗಿ ಇಲ್ಲಿ ಟಿವಿಯ ಸೆಟ್ಟಿಂಗ್‌ಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಲ್ಯಾಪ್‌ಟಾಪಿನ ಅಂಚು ನೋಡಿ

ಟಿವಿಯಲ್ಲಿ ಯಾವ ಪೋರ್ಟ್ ಇದೆ ಎಂದು ಹೆಚ್ಚು ಯೋಚಿಸಬೇಕಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳ ಯಾವುದೇ ಟಿವಿಯ ಹಿಂದೆ ಕನಿಷ್ಠ ಒಂದು ಎಚ್‌ಡಿಎಂಐ ಇದ್ದೇ ಇರುತ್ತದೆ. ಪ್ರಶ್ನೆ ಇರುವುದು ಲ್ಯಾಪ್‌ಟಾಪಿನ ಕಡೆ.

ಸುಮಾರು 14 ಮಿ.ಮೀ. ಅಗಲದ, ಕೆಳಗಿನ ಎರಡು ಮೂಲೆಗಳು ಒಳಕ್ಕೆ ಓರೆಯಾಗಿರುವ ಪೋರ್ಟ್ ಕಂಡರೆ ಅದು ಪೂರ್ಣ ಗಾತ್ರದ ಎಚ್‌ಡಿಎಂಐ. ಎರಡೂ ತುದಿ ಒಂದೇ ಥರ ಇರುವ ಸಾಮಾನ್ಯ ಕೇಬಲ್ ಸಾಕು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದೇ ಆಕಾರದ ಪುಟ್ಟ ಪೋರ್ಟ್ ಇರುತ್ತದೆ. 10 ಮಿ.ಮೀ. ಆಸುಪಾಸಿನದು ಮಿನಿ, 6 ಮಿ.ಮೀ. ಆಸುಪಾಸಿನದು ಮೈಕ್ರೋ. ಮೈಕ್ರೋ ಎಚ್‌ಡಿಎಂಐಯನ್ನು ಹಳೆಯ ಫೋನ್ ಚಾರ್ಜರಿನ ಮೈಕ್ರೋ ಯುಎಸ್‌ಬಿ ಎಂದು ತಪ್ಪಾಗಿ ತಿಳಿದು ಪಿನ್ ತುರುಕಿದರೆ ಪೋರ್ಟ್ ಹಾಳಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ಹೆಸರು ಓದಿಯೇ ಮುಂದುವರಿಯಿರಿ.

ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಟೈಪ್-ಸಿ ಪೋರ್ಟ್ ಮಾತ್ರ. ಇಲ್ಲಿ ಎಚ್ಚರ ಬೇಕು, ಯಾಕೆಂದರೆ ಟೈಪ್-ಸಿ ಎಂಬುದು ಬರೀ ಆಕಾರದ ಹೆಸರು. ಅದರೊಳಗೆ ಚಿತ್ರ ಹೊರಡುತ್ತದೋ ಇಲ್ಲವೋ ಎಂಬುದು ಆಕಾರದಿಂದ ತಿಳಿಯುವುದಿಲ್ಲ. ಪೋರ್ಟಿನ ಪಕ್ಕ ಮಿಂಚಿನ ಗುರುತಿದ್ದರೆ ಅದು ಥಂಡರ್‌ಬೋಲ್ಟ್, ಚಿತ್ರ ಖಂಡಿತ ಬರುತ್ತದೆ. ‘ಡಿ’ ಮತ್ತು ‘ಪಿ’ ಅಕ್ಷರ ಸೇರಿಸಿದಂತಿರುವ ಗುರುತಿದ್ದರೆ ಡಿಸ್‌ಪ್ಲೇಪೋರ್ಟ್ ಸಂಕೇತ ಹೊರಡುತ್ತದೆ, ಆಗಲೂ ಬರುತ್ತದೆ. ಬರೀ ಬ್ಯಾಟರಿ ಗುರುತು ಅಥವಾ ಯುಎಸ್‌ಬಿಯ ಮೂರು ಕವಲಿನ ಗುರುತಿದ್ದರೆ ಅನುಮಾನವೇ. ಗುರುತೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ತಳದಲ್ಲಿರುವ ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ಜಾಲತಾಣದಲ್ಲಿ ಆ ಮಾದರಿಯ ವಿವರ ತೆರೆಯಿರಿ. ಪೋರ್ಟುಗಳ ಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಥವಾ ‘ಥಂಡರ್‌ಬೋಲ್ಟ್’ ಎಂಬ ಮಾತು ಇದೆಯೇ ನೋಡಿ. ಒಂದೇ ಲ್ಯಾಪ್‌ಟಾಪಿನ ಎರಡು ಟೈಪ್-ಸಿ ಪೋರ್ಟುಗಳಲ್ಲಿ ಒಂದರಲ್ಲಿ ಮಾತ್ರ ಚಿತ್ರ ಬರುವುದೂ ಉಂಟು. ಅಡಾಪ್ಟರ್ ಕೆಲಸ ಮಾಡಲಿಲ್ಲ ಎಂದು ಬದಿಗಿಡುವ ಮೊದಲು ಇನ್ನೊಂದು ಪೋರ್ಟಿಗೂ ಹಾಕಿ ನೋಡಿ.

ಟೈಪ್-ಸಿಯಲ್ಲಿ ಚಿತ್ರ ಬರುವುದೇ ಇಲ್ಲ ಎಂದಾದರೆ, ಡ್ರೈವರ್ ಹಾಕಿ ಬಳಸುವ ಯುಎಸ್‌ಬಿ ಡಿಸ್‌ಪ್ಲೇ ಅಡಾಪ್ಟರ್‌ಗಳು ಸಿಗುತ್ತವೆ. ಅವು ಚಿತ್ರದ ಮಾಹಿತಿಯನ್ನು ಕುಗ್ಗಿಸಿ (ಕಂಪ್ರೆಸ್ ಮಾಡಿ) ಯುಎಸ್‌ಬಿ ಮೂಲಕ ಕಳಿಸುತ್ತವೆ. ಪತ್ರ ಬರೆಯಲು, ಸ್ಲೈಡ್ ತೋರಿಸಲು ಸಾಕು. ಆಟಕ್ಕೆ ಹೊಂದುವುದಿಲ್ಲ, ಚಂದಾ ಕಟ್ಟಿ ನೋಡುವ ಸಿನಿಮಾ ಸೇವೆಗಳು ಅದರ ಮೂಲಕ ಎಷ್ಟೋ ಸಲ ಕಪ್ಪು ಪರದೆ ತೋರಿಸುತ್ತವೆ.

ಹಳೆಯ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ, 15 ತೂತುಗಳ ವಿಜಿಎ ಪೋರ್ಟ್ ಮಾತ್ರ ಇದ್ದರೆ ‘ವಿಜಿಎಯಿಂದ ಎಚ್‌ಡಿಎಂಐಗೆ’ ಎಂದು ಬರೆದಿರುವ ಪರಿವರ್ತಕವೇ ಬೇಕು. ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂಬುದು ನೋಡಲು ಹಾಗೇ ಇದ್ದರೂ ಅದನ್ನು ತಿರುಗಿಸಿ ಬಳಸಲು ಬರುವುದಿಲ್ಲ. ವಿಜಿಎ ಧ್ವನಿಯನ್ನು ಒಯ್ಯುವುದಿಲ್ಲ. ಆದ್ದರಿಂದ 3.5 ಮಿ.ಮೀ. ಆಡಿಯೋ ಪಿನ್ ಹಾಗೂ ವಿದ್ಯುತ್ತಿಗಾಗಿ ಯುಎಸ್‌ಬಿ ಬಾಲ ಎರಡೂ ಇರುವ ಪರಿವರ್ತಕವನ್ನೇ ಆರಿಸಿ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ: ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಒಂದೇ ದಿಕ್ಕಿನದು.

ಇನ್ನೊಂದು ಸಂಗತಿ ಒತ್ತಿ ಹೇಳಬೇಕು. ಟಿವಿಯ ಯುಎಸ್‌ಬಿ ಪೋರ್ಟ್ ಇರುವುದು ಪೆನ್‌ಡ್ರೈವ್ ಓದಲು. ಎರಡೂ ತುದಿ ಚಪ್ಪಟೆಯಾಗಿರುವ ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನೂ ಟಿವಿಯನ್ನೂ ಜೋಡಿಸಿದರೆ ಚಿತ್ರ ಬರುವುದಿಲ್ಲ. ಎರಡೂ ಕಡೆ 5 ವೋಲ್ಟ್ ಎದುರುಬದುರಾಗಿ ಪೋರ್ಟ್ ಸುಡುವ ಅಪಾಯವೂ ಇದೆ. ಆ ಪ್ರಯೋಗ ಬೇಡವೇ ಬೇಡ.

ಯಾವ ಕೇಬಲ್, ಎಷ್ಟು ಉದ್ದ

ಎಚ್‌ಡಿಎಂಐ ಕೇಬಲ್ಲಿನ ಬೆಲೆಯಾಗಲಿ ಚಿನ್ನದ ಲೇಪವಾಗಲಿ ಚಿತ್ರದ ಗುಣ ನಿರ್ಧರಿಸುವುದಿಲ್ಲ. ಸಂಕೇತ ಡಿಜಿಟಲ್ ಆದ್ದರಿಂದ ಅದು ಸರಿಯಾಗಿ ತಲುಪುತ್ತದೆ, ಇಲ್ಲವೇ ಚುಕ್ಕೆ, ಮಿಣುಕು, ಕತ್ತಲೆಯಾಗಿ ಕಾಣಿಸಿಕೊಳ್ಳುತ್ತದೆ. ಕೇಬಲ್ ಆರಿಸುವಾಗ ನೋಡಬೇಕಾದದ್ದು ವೇಗದ ಹೆಸರು. 1080ಪಿ (ಫುಲ್ ಎಚ್‌ಡಿ) ಟಿವಿಗೆ ‘ಹೈ ಸ್ಪೀಡ್’ ಎಂದಿರುವ ಯಾವುದೇ ಕೇಬಲ್ ಸಾಕು. ಸೆಕೆಂಡಿಗೆ 60 ಚೌಕಟ್ಟಿನ (ಫ್ರೇಮ್) 4ಕೆ ಚಿತ್ರಕ್ಕೆ 18 ಗಿಗಾಬಿಟ್ ವೇಗದ ‘ಪ್ರೀಮಿಯಂ ಹೈ ಸ್ಪೀಡ್’ ಬೇಕು. 120 ಚೌಕಟ್ಟಿನ 4ಕೆ ಬೇಕೆನ್ನುವ ಆಟಗಾರರಿಗೆ 48 ಗಿಗಾಬಿಟ್ಟಿನ ‘ಅಲ್ಟ್ರಾ ಹೈ ಸ್ಪೀಡ್’. ಕೇಬಲ್ ಎಷ್ಟೇ ಒಳ್ಳೆಯದಾಗಿದ್ದರೂ ಲ್ಯಾಪ್‌ಟಾಪಿನ ಪೋರ್ಟ್ ಅಷ್ಟು ಕೊಡಬಲ್ಲದೇ ಎಂಬುದು ಬೇರೆ ಪ್ರಶ್ನೆ. 2009ರಲ್ಲಿ ಬಂದ ಎಚ್‌ಡಿಎಂಐ 1.4 ಪೋರ್ಟಿನಿಂದ 4ಕೆ ಹೊರಟರೆ 30 ಚೌಕಟ್ಟಿಗಿಂತ ಹೆಚ್ಚು ಸಿಗದು. 60 ಬೇಕಾದರೆ 2013ರ 2.0 ಅಥವಾ ಅದರ ನಂತರದ್ದಾಗಬೇಕು. ಟೈಪ್-ಸಿ ಅಡಾಪ್ಟರ್ ಕೊಳ್ಳುವಾಗಲೂ ‘4ಕೆ 60 ಹರ್ಟ್ಸ್’ (ಅಂದರೆ ಸೆಕೆಂಡಿಗೆ 60 ಚೌಕಟ್ಟು) ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ನೋಡಿ. ಬರೀ ‘4ಕೆ’ ಎಂದಿದ್ದರೆ ಅದು ಸಾಮಾನ್ಯವಾಗಿ 30ರದ್ದು.

ಉದ್ದದ ವಿಷಯದಲ್ಲಿ, ಟಿವಿಯ ಹಿಂಭಾಗದಿಂದ ಗೋಡೆಯುದ್ದಕ್ಕೂ ಇಳಿದು ನೀವು ಕೂರುವ ಜಾಗಕ್ಕೆ ಬರುವ ದಾರಿಯನ್ನು ಟೇಪಿನಲ್ಲಿ ಅಳೆದು ಅರ್ಧ ಮೀಟರ್ ಸೇರಿಸಿ. 4ಕೆಗೆ ತಾಮ್ರದ ಕೇಬಲ್ 5 ಮೀಟರಿನ ಒಳಗಿದ್ದರೆ ನೆಮ್ಮದಿ. 1080ಪಿ ಆದರೆ 10 ಮೀಟರ್ ತನಕವೂ ನಡೆಯುತ್ತದೆ. ಅದಕ್ಕಿಂತ ದೂರವಾದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬೇಕು. ಅದರ ತುದಿಗಳಲ್ಲಿ ‘ಸೋರ್ಸ್’, ‘ಡಿಸ್‌ಪ್ಲೇ’ ಎಂದು ಬರೆದಿರುತ್ತದೆ. ಸೋರ್ಸ್ ತುದಿ ಲ್ಯಾಪ್‌ಟಾಪಿಗೆ. ಗೋಡೆಯೊಳಗೆ ಎಳೆದು ಮುಚ್ಚಿದ ಮೇಲೆ ತಿರುಗುಮುರುಗಾಗಿದೆ ಎಂದು ಗೊತ್ತಾದರೆ ಮತ್ತೆ ಒಡೆಯಬೇಕಾದೀತು, ಎಳೆಯುವ ಮುನ್ನವೇ ಒಮ್ಮೆ ನೆಲದ ಮೇಲೆ ಹಾಸಿ ಪರೀಕ್ಷಿಸಿ.

ಜೋಡಿಸುವ ಕ್ರಮ

1. ಲ್ಯಾಪ್‌ಟಾಪಿನ ಚಾರ್ಜರನ್ನೂ ಟಿವಿಯನ್ನೂ ಆದಷ್ಟು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಕಾರಣ ಮುಂದೆ ಬರುತ್ತದೆ.
2. ಎಚ್‌ಡಿಎಂಐ ಕೇಬಲ್ಲಿನ ಒಂದು ತುದಿಯನ್ನು ಟಿವಿಗೆ ಹಾಕಿ. ಪೋರ್ಟಿನ ಪಕ್ಕದ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ‘ಎಆರ್‌ಸಿ’ ಎಂದು ಬರೆದಿರುವ ಪೋರ್ಟನ್ನು ಸೌಂಡ್‌ಬಾರಿಗೆ ಬಿಟ್ಟು ಬೇರೊಂದನ್ನು ಬಳಸಿ.
3. ಟಿವಿ ಆನ್ ಮಾಡಿ, ರಿಮೋಟಿನ ‘ಸೋರ್ಸ್’ ಅಥವಾ ‘ಇನ್‌ಪುಟ್’ ಗುಂಡಿ ಒತ್ತಿ ಅದೇ ಸಂಖ್ಯೆಯ ಎಚ್‌ಡಿಎಂಐ ಆರಿಸಿ. ‘ನೋ ಸಿಗ್ನಲ್’ ಬಂದರೆ ಸದ್ಯಕ್ಕೆ ಸರಿಯೇ.
4. ಈಗ ಲ್ಯಾಪ್‌ಟಾಪ್ ಆನ್ ಮಾಡಿ, ಇನ್ನೊಂದು ತುದಿಯನ್ನು ಅದಕ್ಕೆ ಹಾಕಿ. ಪಿನ್ ಪೂರ್ತಿ ಒಳಹೋಗಬೇಕು, ಲೋಹದ ಅಂಚು ಕಾಣುತ್ತಿದ್ದರೆ ಇನ್ನೂ ಒತ್ತಿ.
5. ಹತ್ತು ಸೆಕೆಂಡ್ ಕಾಯಿರಿ. ಎರಡೂ ಪರದೆ ಒಮ್ಮೆ ಕಪ್ಪಾಗಿ ಮರಳುವುದು ಸಹಜ.

ಟಿವಿಯನ್ನೇ ಮೊದಲು ಆನ್ ಮಾಡಬೇಕೆನ್ನುವುದಕ್ಕೆ ಕಾರಣವಿದೆ. ಎಚ್‌ಡಿಎಂಐಯ 19 ಪಿನ್ನುಗಳಲ್ಲಿ ಕೆಲವು ಚಿತ್ರವನ್ನು ಒಯ್ಯುವುದಿಲ್ಲ, ಮಾತುಕತೆಗೆ ಮೀಸಲು. ಕೇಬಲ್ ಹಾಕುತ್ತಿದ್ದಂತೆ ಟಿವಿ ತನ್ನ ಹೆಸರು, ತಾನು ತೋರಿಸಬಲ್ಲ ರೆಸಲ್ಯೂಷನ್‌ಗಳು (ಚಿತ್ರದ ಅಗಲ, ಎತ್ತರಗಳಲ್ಲಿ ಎಷ್ಟೆಷ್ಟು ಚುಕ್ಕೆ ಎಂಬ ಅಳತೆ), ತನಗೆ ಸ್ಪೀಕರ್ ಇದೆಯೇ ಎಂಬ ವಿವರಗಳ ಪಟ್ಟಿಯನ್ನು ಲ್ಯಾಪ್‌ಟಾಪಿಗೆ ಕೊಡುತ್ತದೆ. ಟಿವಿ ಮಲಗಿದ್ದಾಗ ಲ್ಯಾಪ್‌ಟಾಪ್ ಕೇಳಿದರೆ ಕೆಲವು ಟಿವಿಗಳು ಅರೆಬರೆ ಉತ್ತರ ಕೊಡುತ್ತವೆ, ಕೆಲವು ಉತ್ತರವನ್ನೇ ಕೊಡುವುದಿಲ್ಲ. ‘ಟಿವಿ ಕಾಣಿಸುತ್ತಿದೆ, ಆದರೆ 1024×768 ಬಿಟ್ಟು ಬೇರೆ ಅಳತೆಯೇ ಇಲ್ಲ’ ಎಂಬ ತೊಂದರೆ ಬರುವುದು ಹೀಗೆ. ಆಗ ಕೇಬಲ್ ಕಿತ್ತು, ಟಿವಿಯ ಸ್ವಿಚ್ಚನ್ನು ಗೋಡೆಯಲ್ಲೇ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಮೇಲಿನ ಕ್ರಮದಲ್ಲೇ ಮತ್ತೆ ಹಾಕಿ.

ನಕಲೋ, ವಿಸ್ತರಣೆಯೋ

ವಿಂಡೋಸಿನಲ್ಲಿ ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ಟಿವಿಗೆ ಏನೂ ಹೋಗುವುದಿಲ್ಲ. ‘ಡೂಪ್ಲಿಕೇಟ್’ ಎಂದರೆ ಎರಡರಲ್ಲೂ ಒಂದೇ ಚಿತ್ರ. ‘ಎಕ್ಸ್‌ಟೆಂಡ್’ ಎಂದರೆ ಟಿವಿ ನಿಮ್ಮ ಡೆಸ್ಕ್‌ಟಾಪಿನ ಮುಂದುವರಿದ ಭಾಗ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಎಂದರೆ ಟಿವಿಯಲ್ಲಿ ಮಾತ್ರ.

ಹೆಚ್ಚಿನವರು ಡೂಪ್ಲಿಕೇಟಿನಲ್ಲೇ ನಿಲ್ಲುತ್ತಾರೆ. ಸಿನಿಮಾ ನೋಡಲು ಅದು ಒಳ್ಳೆಯ ಆಯ್ಕೆಯಲ್ಲ. ನಕಲು ಮಾಡುವಾಗ ಸಾಮಾನ್ಯವಾಗಿ ಎರಡೂ ಪರದೆಗಳಿಗೆ ಹೊಂದುವ ಒಂದೇ ಅಳತೆಯನ್ನು ವಿಂಡೋಸ್ ಆರಿಸುತ್ತದೆ. ಲ್ಯಾಪ್‌ಟಾಪ್ 1366×768ರದ್ದಾದರೆ 4ಕೆ ಟಿವಿಗೂ ಅಷ್ಟೇ ಹೋಗಿ, ಅದನ್ನು ಟಿವಿ ಹಿಗ್ಗಿಸಿ ತೋರಿಸುತ್ತದೆ. ಲ್ಯಾಪ್‌ಟಾಪಿನ ಪರದೆ 16:10 ಅನುಪಾತದ್ದಾದರೆ ಟಿವಿಯ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಸಿನಿಮಾಕ್ಕೆ ‘ಸೆಕೆಂಡ್ ಸ್ಕ್ರೀನ್ ಓನ್ಲಿ’, ಕೆಲಸಕ್ಕೆ ‘ಎಕ್ಸ್‌ಟೆಂಡ್’, ಪಾಠ ಮಾಡುವಾಗ ಮುಖ ಲ್ಯಾಪ್‌ಟಾಪಿನ ಕಡೆಗೇ ಇರಬೇಕೆಂದರೆ ‘ಡೂಪ್ಲಿಕೇಟ್’. ಹೀಗೆ ಇಟ್ಟುಕೊಂಡರೆ ತೊಂದರೆ ಕಡಿಮೆ.

ಎಕ್ಸ್‌ಟೆಂಡಿನಲ್ಲಿ ತೆರೆದ ಪ್ರೋಗ್ರಾಮಿನ ಕಿಟಕಿಯನ್ನು ಟಿವಿಗೆ ಕಳಿಸಲು ಮೌಸಿನಿಂದ ಎಳೆಯುವುದಕ್ಕಿಂತ ವಿಂಡೋಸ್ ಕೀ, ಶಿಫ್ಟ್ ಎರಡನ್ನೂ ಹಿಡಿದು ಬಲ ಅಥವಾ ಎಡ ಬಾಣ ಒತ್ತುವುದು ಸುಲಭ. ಮೌಸ್ ಬಾಣ ತಪ್ಪು ಅಂಚಿನಿಂದ ಟಿವಿಗೆ ದಾಟುತ್ತಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ತೆರೆದು, ಅಲ್ಲಿ ಕಾಣುವ 1, 2 ಎಂಬ ಚೌಕಗಳನ್ನು ಟಿವಿ ನಿಜವಾಗಿ ಇರುವ ದಿಕ್ಕಿಗೆ ಎಳೆದಿಡಿ.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸಿನ ‘ಡಿಸ್‌ಪ್ಲೇಸ್’ ತೆರೆದು ಟಿವಿಯ ಚಿತ್ರದ ಮೇಲೆ ಒತ್ತಿದರೆ ನಕಲೋ ವಿಸ್ತರಣೆಯೋ ಎಂದು ಆರಿಸಬಹುದು. ಟಿವಿ ಪಟ್ಟಿಯಲ್ಲೇ ಇಲ್ಲದಿದ್ದರೆ ಅಲ್ಲೇ ಆಪ್ಷನ್ ಕೀ ಹಿಡಿಯಿರಿ, ಪರದೆ ಹುಡುಕುವ ಗುಂಡಿ ಕಾಣಿಸಿಕೊಳ್ಳುತ್ತದೆ. ಉಬುಂಟು ಮುಂತಾದ ಗ್ನೋಮ್ ಬಳಸುವ ಲಿನಕ್ಸ್‌ಗಳಲ್ಲಿ ವಿಂಡೋಸ್ ಕೀ ಮತ್ತು ‘ಪಿ’ ಅದೇ ಕೆಲಸ ಮಾಡುತ್ತದೆ.

ಮುಚ್ಚಳ ಮುಚ್ಚಿ ಟಿವಿಯಲ್ಲಿ ಮಾತ್ರ ನೋಡಬೇಕೆಂದರೆ ಕಂಟ್ರೋಲ್ ಪ್ಯಾನಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ‘ಡು ನಥಿಂಗ್’ ಎಂದು ಇಡಿ. ಮ್ಯಾಕ್‌ಬುಕ್‌ನಲ್ಲಿ ಇದಕ್ಕೆ ಚಾರ್ಜರ್, ಹೊರಗಿನ ಕೀಬೋರ್ಡ್ ಮತ್ತು ಮೌಸ್ ಜೋಡಿಸಿರಬೇಕು. ಕೀಲಿಮಣೆಯ ಸಂದಿನಿಂದ ಗಾಳಿ ಎಳೆಯುವ ಲ್ಯಾಪ್‌ಟಾಪ್‌ಗಳು ಮುಚ್ಚಿದಾಗ ಬೇಗ ಕಾಯುತ್ತವೆ. ದೀರ್ಘ ಹೊತ್ತು ಆಡಿಸುವುದಾದರೆ ಸ್ವಲ್ಪ ತೆರೆದಿಡುವುದೇ ಮೇಲು, ಹಾಸಿಗೆ ಅಥವಾ ಸೋಫಾದ ಮೇಲಂತೂ ಇಡಬೇಡಿ.

ಧ್ವನಿ ಟಿವಿಯಿಂದ ಬರಬೇಕಾದರೆ

ಎಚ್‌ಡಿಎಂಐ ಧ್ವನಿಯನ್ನೂ ಒಯ್ಯುತ್ತದೆ, ಆದರೆ ಲ್ಯಾಪ್‌ಟಾಪ್ ಅದನ್ನು ತಾನಾಗಿಯೇ ಅತ್ತ ತಿರುಗಿಸುತ್ತದೆ ಎಂಬ ಭರವಸೆ ಇಲ್ಲ. ವಿಂಡೋಸಿನಲ್ಲಿ ಕೆಳಗಿನ ಸ್ಪೀಕರ್ ಗುರುತನ್ನು ಒತ್ತಿ, ಔಟ್‌ಪುಟ್ ಪಟ್ಟಿಯಲ್ಲಿ ಟಿವಿಯ ಕಂಪನಿ ಹೆಸರು ಇರುವ ಸಾಲನ್ನು ಆರಿಸಿ. ಮ್ಯಾಕ್‌ನಲ್ಲಿ ಸೌಂಡ್ ಸೆಟ್ಟಿಂಗ್‌ನ ಔಟ್‌ಪುಟ್. ಆರಿಸಿದ ಮೇಲೂ ಧ್ವನಿ ಬಾರದಿದ್ದರೆ ಆಡುತ್ತಿರುವ ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆಯಿರಿ. ಕೇಬಲ್ ಹಾಕುವ ಮೊದಲೇ ತೆರೆದಿದ್ದ ಬ್ರೌಸರ್ ಅಥವಾ ಪ್ಲೇಯರ್ ಹಳೆಯ ಸ್ಪೀಕರನ್ನೇ ಹಿಡಿದು ಕೂತಿರಬಹುದು. ವಿಎಲ್‌ಸಿಯಲ್ಲಿ ಆಡಿಯೋ ಮೆನುವಿನ ಒಳಗೆ ಪ್ರತ್ಯೇಕ ಆಡಿಯೋ ಡಿವೈಸ್ ಆಯ್ಕೆಯೇ ಇದೆ.

ಮ್ಯಾಕ್‌ನಲ್ಲಿ ಎಚ್‌ಡಿಎಂಐ ಧ್ವನಿಯನ್ನು ಕೀಲಿಮಣೆಯಿಂದ ಏರಿಸಿ ಇಳಿಸಲು ಸಾಮಾನ್ಯವಾಗಿ ಆಗುವುದಿಲ್ಲ, ರಿಮೋಟನ್ನೇ ಹಿಡಿಯಬೇಕು. ವಿಂಡೋಸಿನಲ್ಲಿ ಎರಡೂ ಕಡೆ ನಿಯಂತ್ರಣ ಇರುತ್ತದೆ. ಲ್ಯಾಪ್‌ಟಾಪಿನದನ್ನು 100ಕ್ಕೆ ಇಟ್ಟು ಟಿವಿಯ ರಿಮೋಟಿನಿಂದ ಹೊಂದಿಸಿಕೊಂಡರೆ ಧ್ವನಿ ತೆಳುವಾಗುವುದಿಲ್ಲ.

ಟಿವಿಯ ಮೆನು: ಅಸಲಿ ಕೆಲಸ ಇಲ್ಲಿದೆ

ಟಿವಿ ತನಗೆ ಬರುವುದೆಲ್ಲ ಸಿನಿಮಾ ಅಥವಾ ಕ್ರಿಕೆಟ್ ಎಂದೇ ಭಾವಿಸುತ್ತದೆ. ಅದಕ್ಕಾಗಿ ಅಂಚು ಕತ್ತರಿಸುತ್ತದೆ, ರೇಖೆಗಳನ್ನು ಗಾಢವಾಗಿಸುತ್ತದೆ, ಚೌಕಟ್ಟುಗಳ ನಡುವೆ ಹೊಸ ಚೌಕಟ್ಟು ಸೇರಿಸುತ್ತದೆ. ಆಟಗಾರನ ಓಟಕ್ಕೆ ಇವು ಸರಿಯಿರಬಹುದು, ಅಕ್ಷರಗಳಿಗೆ ಇವೆಲ್ಲ ಕಂಟಕ. ‘ಬರುತ್ತಿರುವುದು ಕಂಪ್ಯೂಟರ್ ಚಿತ್ರ’ ಎಂದು ಟಿವಿಗೆ ತಿಳಿಸಿಬಿಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ತಿಳಿಸುವ ಬಗೆ ಹೀಗೆ. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳಲ್ಲಿ ಇನ್‌ಪುಟ್ ಪಟ್ಟಿ ತೆರೆದು, ಲ್ಯಾಪ್‌ಟಾಪ್ ಇರುವ ಎಚ್‌ಡಿಎಂಐಯ ಹೆಸರು ಬದಲಿಸುವ ಆಯ್ಕೆಗೆ ಹೋಗಿ, ಸಾಧನದ ಬಗೆಯನ್ನು ‘ಪಿಸಿ’ ಎಂದು ಗುರುತಿಸಿ. ಬರೀ ಹೆಸರಿನಂತೆ ಕಂಡರೂ ಒಳಗೆ ಟಿವಿಯ ನಡವಳಿಕೆಯೇ ಬದಲಾಗುತ್ತದೆ. ಸೋನಿಯಲ್ಲಿ ಪಿಕ್ಚರ್ ಮೋಡ್ ‘ಗ್ರಾಫಿಕ್ಸ್’ ಅಥವಾ ‘ಗೇಮ್’ ಇಟ್ಟರೆ ಅದೇ ಫಲ. ಬೇರೆ ಟಿವಿಗಳಲ್ಲಿ ‘ಪಿಸಿ ಮೋಡ್’, ಅದೂ ಇಲ್ಲದಿದ್ದರೆ ‘ಗೇಮ್ ಮೋಡ್’ ಹುಡುಕಿ.

ನಂತರ ಅಂಚು. ಟಾಸ್ಕ್‌ಬಾರ್ ಕತ್ತರಿಸಿಹೋಗುವುದಕ್ಕೆ ಓವರ್‌ಸ್ಕ್ಯಾನ್ ಎಂದು ಹೆಸರು. ಗಾಜಿನ ಕೊಳವೆಯ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ಸೊಟ್ಟಗಿರುತ್ತಿತ್ತು, ಅದನ್ನು ಚೌಕಟ್ಟಿನ ಹಿಂದೆ ಮರೆಮಾಡಲು ಚಿತ್ರವನ್ನು ಕೊಂಚ ಹಿಗ್ಗಿಸುತ್ತಿದ್ದರು. ಚಪ್ಪಟೆ ಪರದೆಗೆ ಅದರ ಅಗತ್ಯವಿಲ್ಲದಿದ್ದರೂ ಅಭ್ಯಾಸ ಉಳಿದುಕೊಂಡಿದೆ. ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೋ ಮೆನುವಿನಲ್ಲಿ ಸ್ಯಾಮ್‌ಸಂಗ್‌ಗೆ ‘ಫಿಟ್ ಟು ಸ್ಕ್ರೀನ್’ ಅಥವಾ ‘ಸ್ಕ್ರೀನ್ ಫಿಟ್’, ಎಲ್‌ಜಿಗೆ ‘ಜಸ್ಟ್ ಸ್ಕ್ಯಾನ್’, ಸೋನಿಗೆ ಡಿಸ್‌ಪ್ಲೇ ಏರಿಯಾದಲ್ಲಿ ‘ಫುಲ್ ಪಿಕ್ಸೆಲ್’ ಆರಿಸಿ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲಿ ಚಿತ್ರ ಕುಗ್ಗಿಸುವ ಜಾರುಗುಂಡಿಯೂ ಇರುತ್ತದೆ. ಅದನ್ನು ಮುಟ್ಟದಿರುವುದೇ ಲೇಸು. ಲ್ಯಾಪ್‌ಟಾಪ್ ಕುಗ್ಗಿಸಿ ಕಳಿಸಿದ್ದನ್ನು ಟಿವಿ ಹಿಗ್ಗಿಸಿದರೆ ಅಂಚು ಕೂಡಿಕೊಳ್ಳುತ್ತದೆ ನಿಜ, ಆದರೆ ಪ್ರತಿ ಅಕ್ಷರವೂ ಎರಡು ಸಲ ಅಳತೆ ಬದಲಿಸಿಕೊಂಡು ಮಸುಕಾಗುತ್ತದೆ.

ಮೂರನೆಯದು ಶಾರ್ಪ್‌ನೆಸ್. ಅಕ್ಷರದ ಸುತ್ತ ಬಿಳಿ ನೆರಳು ಕಂಡರೆ ಅದನ್ನು ಇಳಿಸುತ್ತಾ ಬನ್ನಿ. ಬಹಳಷ್ಟು ಟಿವಿಗಳಲ್ಲಿ ಸೊನ್ನೆ ಅಥವಾ ಅದರ ಹತ್ತಿರವೇ ಸರಿಯಾದ ಸ್ಥಾನ. ಸೋನಿಯಂಥ ಕೆಲವದರಲ್ಲಿ ನಡುವಿನ 50ರಲ್ಲಿ ಯಾವ ಬದಲಾವಣೆಯೂ ಇಲ್ಲದ ಚಿತ್ರ ಸಿಗುತ್ತದೆ. ಹಿಂದೆಯೇ ನಾಯ್ಸ್ ರಿಡಕ್ಷನ್, ಡೈನಮಿಕ್ ಕಾಂಟ್ರಾಸ್ಟ್, ಮೋಷನ್ ಸ್ಮೂತಿಂಗ್ ಇವನ್ನೂ ಆಫ್ ಮಾಡಿ.

ಈಗ ಒಂದು ಚಿಕ್ಕ ಪರೀಕ್ಷೆ ಮಾಡಿ. ಬರಹದ ಪ್ರೋಗ್ರಾಮಿನಲ್ಲಿ ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂದು ಟೈಪ್ ಮಾಡಿ. ಮೊದಲು ಬಿಳಿಯ ಮೇಲೆ ಕಪ್ಪಕ್ಷರದಲ್ಲಿ, ಆಮೇಲೆ ನೀಲಿಯ ಮೇಲೆ ಕೆಂಪಕ್ಷರದಲ್ಲಿ. ಒಂದರ ಕೆಳಗೊಂದು ಒತ್ತಕ್ಷರ ಇರುವ ಇಂಥ ಪದಗಳಲ್ಲಿ ದೋಷ ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಟಿವಿಯ ಸಮೀಪ ಹೋಗಿ ‘ಸ್ತ್ರೀ’ಯ ಕೆಳಭಾಗ ನೋಡಿ. ತ-ಒತ್ತಿಗೂ ರ-ಒತ್ತಿಗೂ ನಡುವಿನ ಬಿಳಿ ಜಾಗ ಸ್ವಚ್ಛವಾಗಿದ್ದರೆ ಅಳತೆ ಸರಿಯಿದೆ. ಅಲ್ಲಿ ಬೂದು ಮೆತ್ತಿಕೊಂಡಿದ್ದರೆ ಓವರ್‌ಸ್ಕ್ಯಾನ್, ಶಾರ್ಪ್‌ನೆಸ್ ಅಥವಾ ರೆಸಲ್ಯೂಷನ್ ತಪ್ಪಿದೆ. ಕಪ್ಪಕ್ಷರ ಚೆನ್ನಾಗಿದ್ದು ನೀಲಿಯ ಮೇಲಿನ ಕೆಂಪು ಮಾತ್ರ ಕದಡಿದಂತಿದ್ದರೆ ಬಣ್ಣದ ವಿವರ ದಾರಿಯಲ್ಲಿ ಕಡಿತವಾಗುತ್ತಿದೆ ಎಂದರ್ಥ.

ಬಣ್ಣ ಹೀಗೆ ಕಡಿತವಾಗುವುದು ಮುಖ್ಯವಾಗಿ 4ಕೆ ಟಿವಿಗಳಲ್ಲಿ. ಪೋರ್ಟಿನ ವೇಗ ಸಾಲದಿದ್ದಾಗ ಬೆಳಕಿನ ವಿವರವನ್ನು ಪೂರ್ತಿ ಕಳಿಸಿ, ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗೊಂದರಂತೆ ಕಳಿಸುವ ವಿಧಾನವೊಂದಿದೆ. 4:2:0 ಎಂದು ಬರೆಯುತ್ತಾರೆ. ಸಿನಿಮಾದಲ್ಲಿ ಕಣ್ಣಿಗೆ ಗೊತ್ತೇ ಆಗದು, ಬಣ್ಣದ ಅಕ್ಷರದಲ್ಲಿ ಗೊತ್ತಾಗುತ್ತದೆ. ಅನೇಕ ಟಿವಿಗಳು ತಮ್ಮ ಎಚ್‌ಡಿಎಂಐಯನ್ನು ಮೊದಲಿಗೆ ಹಳೆಯ ವೇಗದಲ್ಲೇ ಇಟ್ಟಿರುತ್ತವೆ. ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟಿನ ‘ಎನ್‌ಹ್ಯಾನ್ಸ್‌ಡ್’ ಆಯ್ಕೆಯನ್ನು ಆ ಪೋರ್ಟಿಗೆ ಆನ್ ಮಾಡಿ. ಬಳಿಕ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಸಾಫ್ಟ್‌ವೇರಿನಲ್ಲಿ ಬಣ್ಣದ ಮಾದರಿ ‘ಆರ್‌ಜಿಬಿ’ ಅಥವಾ 4:4:4 ಆಗಿದೆಯೇ ನೋಡಿ.

ಅದೇ ಸಾಫ್ಟ್‌ವೇರಿನಲ್ಲಿ ‘ಫುಲ್’ ಮತ್ತು ‘ಲಿಮಿಟೆಡ್’ ಎಂಬ ಇನ್ನೊಂದು ಆಯ್ಕೆ ಸಿಗುತ್ತದೆ. ಕಂಪ್ಯೂಟರ್ ಕಪ್ಪನ್ನು 0, ಬಿಳಿಯನ್ನು 255 ಎಂದು ಎಣಿಸುತ್ತದೆ. ಟಿವಿ ಪದ್ಧತಿಯಲ್ಲಿ ಕಪ್ಪು 16, ಬಿಳಿ 235. ಎರಡೂ ಕಡೆ ಒಂದೇ ಎಣಿಕೆ ಇರಬೇಕು. ಲ್ಯಾಪ್‌ಟಾಪ್ ಲಿಮಿಟೆಡ್ ಕಳಿಸಿ ಟಿವಿ ಫುಲ್ ಎಂದುಕೊಂಡರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗಿ ಚಿತ್ರ ತೊಳೆದಂತಾಗುತ್ತದೆ. ಉಲ್ಟಾ ಆದರೆ ಕತ್ತಲ ದೃಶ್ಯದಲ್ಲಿ ಕೂದಲು, ಬಟ್ಟೆಯ ಮಡಿಕೆ ಎಲ್ಲ ಒಂದೇ ಕಪ್ಪು ಮುದ್ದೆಯಾಗುತ್ತದೆ. ಟಿವಿಯ ಮೆನುವಿನಲ್ಲಿ ಇದು ‘ಬ್ಲ್ಯಾಕ್ ಲೆವೆಲ್’ ಅಥವಾ ‘ಆರ್‌ಜಿಬಿ ರೇಂಜ್’ ಎಂದಿರುತ್ತದೆ. ಬ್ರೈಟ್‌ನೆಸ್ ತಿರುಚಿ ಇದನ್ನು ಸರಿಮಾಡಲು ಹೋದರೆ ಒಂದು ಸರಿಯಾಗಿ ಇನ್ನೊಂದು ಕೆಡುತ್ತದೆ.

ಕೊನೆಗೆ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಟಿವಿಯ ಚೌಕ ಆರಿಸಿ, ರೆಸಲ್ಯೂಷನ್ ಟಿವಿಯ ನಿಜವಾದ ಅಳತೆಗೆ ಇಡಿ: 4ಕೆಗೆ 3840×2160, ಫುಲ್ ಎಚ್‌ಡಿಗೆ 1920×1080. ಅಕ್ಷರ ಚಿಕ್ಕದೆಂದು ರೆಸಲ್ಯೂಷನ್ ಇಳಿಸಬೇಡಿ, ‘ಸ್ಕೇಲ್’ ಏರಿಸಿ. 4ಕೆ ಟಿವಿಯನ್ನು ಸೋಫಾದಿಂದ ನೋಡುವಾಗ 250ರಿಂದ 300 ಪ್ರತಿಶತ ಹಿತವಾಗಿರುತ್ತದೆ. 32 ಇಂಚಿನ ಹಲವು ‘ಎಚ್‌ಡಿ ರೆಡಿ’ ಟಿವಿಗಳು 1080ಪಿ ಸಂಕೇತ ಒಪ್ಪಿಕೊಂಡರೂ ಅವುಗಳಲ್ಲಿರುವ ಚುಕ್ಕೆಗಳು 1366×768 ಮಾತ್ರ. ಅಲ್ಲಿ ಅಕ್ಷರ ಮಸುಕಾಗುವುದು ಸೆಟ್ಟಿಂಗಿನ ತಪ್ಪಲ್ಲ. ಪಟ್ಟಿಯಲ್ಲಿ 1366×768 ಇದ್ದರೆ ಅದನ್ನೇ ಆರಿಸಿ.

ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ 60 ಹರ್ಟ್ಸ್ ಇರಲಿ. ಮೌಸ್ ಬಾಣ ಜಾರುವ ಬದಲು ಹೆಜ್ಜೆ ಹೆಜ್ಜೆಯಾಗಿ ಹಾರಿದಂತೆ ಕಂಡರೆ ಅದು 30ರಲ್ಲಿದೆ. ಪೋರ್ಟ್ ಅಥವಾ ಅಡಾಪ್ಟರಿಗೆ 4ಕೆ 60 ಆಗದಿದ್ದರೆ, ಕೆಲಸಕ್ಕೆ 1080ಪಿ 60, ಸಿನಿಮಾಕ್ಕೆ 4ಕೆ 30 ಅಥವಾ 24 ಎಂದು ಬದಲಿಸಿಕೊಳ್ಳಬಹುದು.

ತಂತಿಯಿಲ್ಲದೆ

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಮತ್ತು ‘ಕೆ’ ಒತ್ತಿದರೆ ಮಿರಾಕಾಸ್ಟ್ (ತಂತಿಯಿಲ್ಲದೆ ಪರದೆಯ ಚಿತ್ರ ಕಳಿಸುವ ಪದ್ಧತಿ) ಇರುವ ಸುತ್ತಲಿನ ಟಿವಿಗಳ ಪಟ್ಟಿ ಬರುತ್ತದೆ. ಟಿವಿಯಲ್ಲಿ ‘ಸ್ಕ್ರೀನ್ ಮಿರರಿಂಗ್’ ಅಥವಾ ‘ಸ್ಕ್ರೀನ್ ಶೇರ್’ ಮೊದಲೇ ತೆರೆದಿಡಿ. ಮಿರಾಕಾಸ್ಟ್ ವೈಫೈ ಡೈರೆಕ್ಟ್ ಬಳಸಿ ನೇರವಾಗಿ ಜೋಡಿಯಾಗುತ್ತದೆ, ರೂಟರಾಗಲಿ ಇಂಟರ್ನೆಟ್ಟಾಗಲಿ ಬೇಡ. ಮ್ಯಾಕ್‌ನಲ್ಲಿ ಮಿರಾಕಾಸ್ಟ್ ಇಲ್ಲ, ಅದರದು ಏರ್‌ಪ್ಲೇ. ಕ್ರೋಮ್ ಬ್ರೌಸರಿನ ‘ಕಾಸ್ಟ್’ ಆಯ್ಕೆ ಗೂಗಲ್ ಕಾಸ್ಟ್ ಇರುವ ಟಿವಿಗಳಿಗೆ. ಅದಕ್ಕೆ ಎರಡೂ ಒಂದೇ ವೈಫೈ ಜಾಲದಲ್ಲಿರಬೇಕು. ಟಿವಿ ಪಟ್ಟಿಯಲ್ಲಿ ಕಾಣದಿದ್ದರೆ ಎರಡರಲ್ಲೊಂದು ‘ಗೆಸ್ಟ್’ ಜಾಲದಲ್ಲಿದೆಯೇ, ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಆನ್ ಆಗಿದೆಯೇ ನೋಡಿ. ಸಾಮಾನ್ಯವಾಗಿ ಅಡ್ಡ ಬರುವುದು ಇವೆರಡೇ.

ಫೋಟೋ, ಸ್ಲೈಡ್, ಆಗೊಮ್ಮೆ ಈಗೊಮ್ಮೆ ವೀಡಿಯೋ ತೋರಿಸಲು ಇದು ಹಿತ. ಆದರೆ ಮೌಸ್ ಅಲುಗಿಸಿದ್ದು ಟಿವಿಯಲ್ಲಿ ಕಾಣುವಷ್ಟರಲ್ಲಿ ತುಸು ತಡವಾಗುತ್ತದೆ. ಟಿವಿಯಲ್ಲೇ ಕೂತು ಟೈಪ್ ಮಾಡಬೇಕು, ಆಟ ಆಡಬೇಕು ಎಂದರೆ ಕೇಬಲ್ಲಿಗೆ ಸಾಟಿಯಿಲ್ಲ. ಚಿತ್ರ ತಡೆತಡೆದು ಬರುತ್ತಿದ್ದರೆ 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್ ಜಾಲಕ್ಕೆ ಬದಲಿಸಿ.

ಕೆಟ್ಟಾಗ ಎಲ್ಲಿ ಹುಡುಕುವುದು

‘ನೋ ಸಿಗ್ನಲ್’ ಬರುವುದಕ್ಕೂ ಟಿವಿ ಬೆಳಗಿ ಬರೀ ಕಪ್ಪಾಗಿರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸಂಕೇತವೇ ತಲುಪುತ್ತಿಲ್ಲ: ಇನ್‌ಪುಟ್ ಸಂಖ್ಯೆ, ಪಿನ್, ವಿಂಡೋಸ್-ಪಿ ಆಯ್ಕೆ, ಆಮೇಲೆ ಟಿವಿಯ ಇನ್ನೊಂದು ಪೋರ್ಟ್, ಈ ಕ್ರಮದಲ್ಲಿ ನೋಡಿ. ಎರಡನೆಯದರಲ್ಲಿ ಸಂಕೇತ ಬಂದಿದೆ, ಅದರೊಳಗೆ ಏನೂ ಇಲ್ಲ. ಬಹುಶಃ ಎಕ್ಸ್‌ಟೆಂಡಿನಲ್ಲಿದ್ದು ಖಾಲಿ ಡೆಸ್ಕ್‌ಟಾಪ್ ಕಾಣುತ್ತಿದೆ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ‘ಬಿ’ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ನಿದ್ದೆಯಿಂದ ಎದ್ದ ಲ್ಯಾಪ್‌ಟಾಪ್ ಟಿವಿಯನ್ನು ಮರೆತಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಚಿತ್ರದಲ್ಲಿ ಬಿಳಿ ಚುಕ್ಕೆ ಮಿನುಗುವುದು, ಕ್ಷಣಕಾಲ ಕಪ್ಪಾಗಿ ಮರಳುವುದು ಕೇಬಲ್ಲಿನ ಲಕ್ಷಣ. ಖಚಿತಪಡಿಸಿಕೊಳ್ಳಲು 4ಕೆ 60ರಿಂದ 1080ಪಿಗೆ ಇಳಿಸಿ ನೋಡಿ. ಮಿನುಗು ನಿಂತರೆ ಕೇಬಲ್ ಅಥವಾ ಅಡಾಪ್ಟರಿಗೆ ಆ ವೇಗ ತಡೆಯುತ್ತಿಲ್ಲ.

ಬೇರೆಲ್ಲವೂ ಸರಿಯಿದ್ದು ಚಂದಾ ಸೇವೆಯ ಸಿನಿಮಾ ಮಾತ್ರ ಕಪ್ಪಾಗಿ, ಧ್ವನಿ ಮಾತ್ರ ಬರುತ್ತಿದ್ದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗ. ಲ್ಯಾಪ್‌ಟಾಪಿನಿಂದ ಟಿವಿಯವರೆಗಿನ ಪ್ರತಿ ಕೊಂಡಿಯೂ ಅದಕ್ಕೆ ಸರಿಯುತ್ತರ ಕೊಡಬೇಕು. ನಡುವೆ ಸ್ಪ್ಲಿಟರ್, ವಿಜಿಎ ಪರಿವರ್ತಕ, ಹಳೆಯ ಅಡಾಪ್ಟರ್ ಇದ್ದರೆ ಸರಪಳಿ ಅಲ್ಲೇ ತುಂಡಾಗುತ್ತದೆ. ಅವನ್ನು ತೆಗೆದು ನೇರ ಕೇಬಲ್ ಹಾಕಿ. 4ಕೆಗೆ ಎಚ್‌ಡಿಸಿಪಿ 2.2 ಬೇಕು.

ಟಿವಿಯಿಂದ ‘ಗುಂಯ್’ ಎಂಬ ಸದ್ದು, ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವ ಅನುಭವ, ಇವು ಅರ್ಥಿಂಗಿನ ತಗಾದೆ. ಒಂದೇ ಬೋರ್ಡಿಗೆ ಹಾಕಿ ಎಂದು ಮೊದಲು ಹೇಳಿದ್ದು ಇದಕ್ಕೇ. ಬೇರೆ ಬೇರೆ ಸಾಕೆಟ್ಟಿನಲ್ಲಿದ್ದರೆ, ಅಥವಾ ಟಿವಿಗೆ ಹೊರಗಿನಿಂದ ಆಂಟೆನಾ ಇಲ್ಲವೇ ಡಿಶ್ ತಂತಿ ಬಂದಿದ್ದರೆ, ಎರಡು ಕಡೆಯ ನೆಲದ ವೋಲ್ಟೇಜಿನಲ್ಲಿ ಸಣ್ಣ ವ್ಯತ್ಯಾಸವಿದ್ದು ಅದು ಎಚ್‌ಡಿಎಂಐ ಕೇಬಲ್ಲಿನ ಮೂಲಕ ಹರಿಯುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಟಿವಿಯ ಆಂಟೆನಾ ತಂತಿ ಬಿಡಿಸಿಯೂ ನೋಡಿ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಅಥವಾ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವುದು ಜೀವಕ್ಕೇ ಅಪಾಯ. ಬೋರ್ಡ್ ಬದಲಿಸಿದರೂ ಜುಮ್ಮೆನ್ನುತ್ತಿದ್ದರೆ ಕೇಬಲ್ ಬಿಚ್ಚಿಟ್ಟು, ಸಾಕೆಟ್ಟಿನ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಇಟ್ಟು ತಂತಿಯಿಲ್ಲದ ಜೋಡಣೆಯಲ್ಲೇ ನೋಡಬಹುದು.